ಭಾಗಿಸದೆಯೇ ಗೊತ್ತಾದ ಅವಿಭಾಜ್ಯ

17,01,41,18,34,60,46,92,31,73,16,87,30,37,15,88,41,05,727.

ಮೂವತ್ತೊಂಬತ್ತು ಅಂಕಿಗಳ ಈ ಸಂಖ್ಯೆಯನ್ನು ಬಾಯಿಬಿಟ್ಟು ಓದಲು ಹೊರಟರೆ ‘ಸಾವಿರದ ಏಳುನೂರ ಒಂದು ಕೋಟಿ ಕೋಟಿ ಕೋಟಿ ಕೋಟಿ ಕೋಟಿ’ ಎಂದು ಶುರುಮಾಡಬೇಕು, ಆಮೇಲೂ ಬಹಳಷ್ಟು ಉಳಿದಿರುತ್ತದೆ. ಗಣಿತಜ್ಞರು ಚಿಕ್ಕದಾಗಿ ಬರೆಯುವುದು ಹೀಗೆ: 2¹²⁷ − 1. ನೂರ ಇಪ್ಪತ್ತೇಳು ಎರಡುಗಳನ್ನು ಗುಣಿಸುತ್ತ ಹೋಗಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ಸಿಗುವ ಸಂಖ್ಯೆ. ಇದು ಅವಿಭಾಜ್ಯ, ಅಂದರೆ 1ರಿಂದ ಮತ್ತು ತನ್ನಿಂದಲೇ ಹೊರತು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ ಎಂದು 1876ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲೂಕಾ ಸಾರಿದ. ಅಲ್ಲಿಂದ 75 ವರ್ಷ ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾರಿಗೂ ಗೊತ್ತಿರಲಿಲ್ಲ. ಯಂತ್ರ ಮುಟ್ಟದೆ ಬರೀ ಕೈಲೆಕ್ಕದಿಂದ ಸಿಕ್ಕ ಅವಿಭಾಜ್ಯಗಳಲ್ಲಿ ಇಂದಿಗೂ ಇದೇ ದೊಡ್ಡದು.

ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯಲು ಶಾಲೆಯಲ್ಲಿ ಕಲಿಸುವ ದಾರಿ ಭಾಗಿಸಿ ನೋಡುವುದು. ವರ್ಗಮೂಲದವರೆಗೆ ಒಂದೊಂದನ್ನೇ ಪರೀಕ್ಷಿಸಿದರೆ ಸಾಕು. ಆದರೆ ಈ ಸಂಖ್ಯೆಯ ವರ್ಗಮೂಲವೇ ಇಪ್ಪತ್ತು ಅಂಕಿಯದು. ಬೆಸ ಸಂಖ್ಯೆಗಳನ್ನಷ್ಟೇ ತೆಗೆದುಕೊಂಡು, ಊಟ ನಿದ್ದೆ ಬಿಟ್ಟು, ಸೆಕೆಂಡಿಗೆ ಒಂದರಂತೆ ಭಾಗಿಸುತ್ತ ಕೂತರೂ ಸುಮಾರು 20,000 ಕೋಟಿ ವರ್ಷ ಹಿಡಿಯುತ್ತದೆ. ವಿಶ್ವದ ವಯಸ್ಸು 1,380 ಕೋಟಿ ವರ್ಷ.

ಜಾಣತನದಿಂದ ಕೆಲಸ ತಗ್ಗಿಸಬಹುದು. ಘಾತ 127 ಅವಿಭಾಜ್ಯವಾದ್ದರಿಂದ, 2¹²⁷ − 1ಕ್ಕೆ ಭಾಜಕ ಇದ್ದರೆ ಅದು 254ರ ಯಾವುದಾದರೂ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು ಎಂಬ ನಿಯಮವಿದೆ. 17ನೇ ಶತಮಾನದ ಗಣಿತಜ್ಞ ಫರ್ಮಾನಿಂದ ಬಂದದ್ದು. ಚಿಕ್ಕ ಉದಾಹರಣೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. 2¹¹ − 1 ಎಂದರೆ 2,047. ಅದು 23 × 89. ಇಲ್ಲಿ 23 ಎಂದರೆ 22ಕ್ಕೆ ಒಂದು ಸೇರಿದ್ದು, 89 ಎಂದರೆ 22ರ ನಾಲ್ಕು ಪಟ್ಟಿಗೆ ಒಂದು ಸೇರಿದ್ದು. ಭಾಜಕವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು ಎಂಬ ಇನ್ನೊಂದು ಜರಡಿಯೂ ಇದೆ. ಎರಡೂ ಜರಡಿ ಹಿಡಿದ ಮೇಲೂ, ಸೆಕೆಂಡಿಗೆ ಒಂದರ ಲೆಕ್ಕದಲ್ಲಿ, ಉಳಿಯುವ ಕೆಲಸ 80 ಕೋಟಿ ವರ್ಷಗಳದು. ಲೂಕಾ ಬದುಕಿದ್ದು 49 ವರ್ಷ.

ಹಾಗಿದ್ದರೆ ಅವನಿಗೆ ಗೊತ್ತಾದದ್ದು ಹೇಗೆ? ಭಾಗಿಸುವುದನ್ನೇ ಬಿಟ್ಟದ್ದರಿಂದ.

ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಪ್ಯಾರಿಸ್ಸಿನ ಕ್ರೈಸ್ತ ಸನ್ಯಾಸಿ ಮಾರೆನ್ ಮರ್ಸೆನ್ 1644ರಲ್ಲಿ ಒಂದು ಪಟ್ಟಿ ಕೊಟ್ಟ. 2ರ ಘಾತದಿಂದ ಒಂದನ್ನು ಕಳೆದಾಗ, 257ರವರೆಗಿನ ಘಾತಗಳ ಪೈಕಿ 2, 3, 5, 7, 13, 17, 19, 31, 67, 127, 257 ಇವಿಷ್ಟಕ್ಕೆ ಮಾತ್ರ ಅವಿಭಾಜ್ಯ ಸಿಗುತ್ತದೆ ಎಂದ. ದೊಡ್ಡ ಘಾತಗಳನ್ನು ಅವನು ಪರೀಕ್ಷಿಸಿ ನೋಡಿರಲು ಸಾಧ್ಯವೇ ಇರಲಿಲ್ಲ. ಪಟ್ಟಿಯಲ್ಲಿ ತಪ್ಪುಗಳೂ ಇದ್ದವು: 67 ಮತ್ತು 257 ಸೇರಬಾರದಿತ್ತು, 61, 89, 107 ಬಿಟ್ಟುಹೋಗಿದ್ದವು. ಆದರೂ ಈ ಬಗೆಯ ಅವಿಭಾಜ್ಯಗಳಿಗೆ ಮರ್ಸೆನ್‌ನ ಹೆಸರೇ ನಿಂತಿತು. ಆ ಪಟ್ಟಿಯನ್ನು ಪರೀಕ್ಷಿಸಿ ಮುಗಿಸಲು ಮುಂದಿನವರಿಗೆ ಸುಮಾರು ಮುನ್ನೂರು ವರ್ಷ ಬೇಕಾಯಿತು. 2³¹ − 1 ಅವಿಭಾಜ್ಯ ಎಂದು ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿದ. ಅದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ) ದೊಡ್ಡದನ್ನು ಯಾರೂ ಎಂದೂ ಕಂಡುಹಿಡಿಯಲಾರರು, ಉಪಯೋಗವಿಲ್ಲದ ಈ ಕೆಲಸಕ್ಕೆ ಯಾರೂ ಕೈಹಾಕಲಾರರು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಬರೆದುಬಿಟ್ಟ. ಲೂಕಾ ಅವನ ಮಾತನ್ನು ಸುಳ್ಳು ಮಾಡಿದ.

ಲೂಕಾ ಹುಟ್ಟಿದ್ದು 1842ರಲ್ಲಿ, ಉತ್ತರ ಫ್ರಾನ್ಸಿನ ಅಮಿಯೆನ್ಸ್‌ನಲ್ಲಿ. ಫ್ರಾನ್ಸ್–ಪ್ರಷ್ಯ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿದ್ದ, ಆಮೇಲೆ ಶಾಲಾ ಮೇಷ್ಟ್ರಾದ. ಮಕ್ಕಳು ಇಂದಿಗೂ ಆಡುವ ‘ಹನೋಯ್ ಗೋಪುರ’ದ ಆಟ, ಮೂರು ಕಂಬಗಳ ಮೇಲೆ ಬಿಲ್ಲೆಗಳನ್ನು ಸಾಗಿಸುವುದು, 1883ರಲ್ಲಿ ಅವನು ಕಟ್ಟಿದ್ದು. ಆ ಆಟದಲ್ಲೂ ಅಡಗಿರುವುದು ಇದೇ ಬಗೆಯ ಸಂಖ್ಯೆ: ಏಳು ಬಿಲ್ಲೆಗಳನ್ನು ಸಾಗಿಸಲು ಕನಿಷ್ಠ 2⁷ − 1, ಅಂದರೆ 127 ನಡೆ ಬೇಕು. ಹಿಂದಿನ ಎರಡನ್ನು ಕೂಡಿಸಿ ಮುಂದಿನದನ್ನು ಪಡೆಯುವ 1, 2, 3, 5, 8, 13 ಎಂಬ ಸಾಲಿಗೆ ಫಿಬೊನಾಚಿ ಹೆಸರು ಅಂಟಿಸಿದವನೂ ಅವನೇ. ಕನ್ನಡದ ಓದುಗರಿಗೆ ಆ ಸಾಲು ಛಂದಸ್ಸಿನ ಮೂಲಕ ಪರಿಚಿತ. ಲಘು ಗುರುಗಳನ್ನು ಜೋಡಿಸಿ ಮೂರು ಮಾತ್ರೆಯ ಗಣವನ್ನು ಮೂರು ಬಗೆಯಲ್ಲಿ, ನಾಲ್ಕು ಮಾತ್ರೆಯದನ್ನು ಐದು ಬಗೆಯಲ್ಲಿ, ಐದು ಮಾತ್ರೆಯದನ್ನು ಎಂಟು ಬಗೆಯಲ್ಲಿ ಕಟ್ಟಬಹುದು. ವಿರಹಾಂಕ, ಹೇಮಚಂದ್ರರಂತಹ ಛಂದಶ್ಶಾಸ್ತ್ರಜ್ಞರು ಇದನ್ನು ಫಿಬೊನಾಚಿಗಿಂತ ಮೊದಲೇ ಬರೆದಿಟ್ಟಿದ್ದರು.

ಲೂಕಾ ಹಿಡಿದದ್ದು ಈ ಸಾಲಿನ ಸೋದರನನ್ನು: 1, 3, 4, 7, 11, 18, 29, 47... ಕೂಡುವ ನಿಯಮ ಅದೇ, ಆರಂಭ ಮಾತ್ರ ಬೇರೆ. ಇದರಲ್ಲಿ ಎರಡನೆಯ, ನಾಲ್ಕನೆಯ, ಎಂಟನೆಯ, ಹದಿನಾರನೆಯ ಸ್ಥಾನಗಳನ್ನಷ್ಟೇ ಆರಿಸಿಕೊಂಡರೆ 3, 7, 47, 2,207 ಸಿಗುತ್ತವೆ. ಪ್ರತಿಯೊಂದೂ ಹಿಂದಿನದರ ವರ್ಗದಿಂದ ಎರಡನ್ನು ಕಳೆದದ್ದು: 9 − 2 = 7, 49 − 2 = 47, 2,209 − 2 = 2,207. ಲೂಕಾನ ಪರೀಕ್ಷೆ ಇಷ್ಟೇ: 3ರಿಂದ ಹೊರಡು; ವರ್ಗ ಮಾಡು, 2 ಕಳೆ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊ; ಮತ್ತೆ ಅದನ್ನೇ ಮಾಡು. ಘಾತಕ್ಕಿಂತ ಎರಡು ಕಡಿಮೆ ಸಲ ಮಾಡಿದ ಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ.

ಪೆನ್ನು ಹಿಡಿದು 2⁷ − 1, ಅಂದರೆ 127ನ್ನೇ ಪರೀಕ್ಷಿಸೋಣ. ಘಾತ ಏಳು, ಆದ್ದರಿಂದ ಐದು ಹೆಜ್ಜೆ. 3ರ ವರ್ಗದಿಂದ 7. ಏಳರಿಂದ 47. ನಲವತ್ತೇಳರಿಂದ 2,207, ಅದನ್ನು 127ರಿಂದ ಭಾಗಿಸಿದರೆ ಉಳಿಯುವುದು 48. ನಲವತ್ತೆಂಟರ ವರ್ಗ 2,304, ಎರಡು ಕಳೆದರೆ 2,302, ಶೇಷ 16. ಹದಿನಾರರ ವರ್ಗ 256, ಎರಡು ಕಳೆದರೆ 254. ಇದು 127ರ ಸರಿಯಾಗಿ ಎರಡು ಪಟ್ಟು, ಶೇಷ ಸೊನ್ನೆ. ಐದನೆಯ ಹೆಜ್ಜೆಗೆ ಸೊನ್ನೆ ಬಂತು, 127 ಅವಿಭಾಜ್ಯ. 3, 5, 7, 11 ಯಾವುದರಿಂದಲೂ ಭಾಗಿಸಿ ನೋಡಲಿಲ್ಲ.

ಇದೇ ಪರೀಕ್ಷೆಯನ್ನು 2,047ಕ್ಕೆ ಒಡ್ಡಿದರೆ ಏನಾಗುತ್ತದೆಂಬುದು ಇನ್ನೂ ಸ್ವಾರಸ್ಯಕರ. ಶೇಷಗಳು 3, 7, 47, 160, 1034, 620, 1609, 1471 ಎಂದು ಸಾಗಿ, ಮುಂದೆ ಮತ್ತೆ 160 ಬರುತ್ತದೆ. ಅಲ್ಲಿಗೆ ಲೆಕ್ಕ ಸುಳಿಯಲ್ಲಿ ಸಿಕ್ಕಿಕೊಂಡಿತು. 160ರ ನಂತರ 1034, 620... ಸುತ್ತುತ್ತಲೇ ಇರುತ್ತದೆ, ಸೊನ್ನೆ ಎಂದೂ ಬರುವುದಿಲ್ಲ. 23 × 89 ಎಂಬ ಒಳಗುಟ್ಟು ಹೊರಬೀಳದಿದ್ದರೂ 2,047 ಅವಿಭಾಜ್ಯವಲ್ಲ ಎಂಬುದು ಖಚಿತವಾಯಿತು.

ಇದು ಕೆಲಸ ಮಾಡುವುದೇಕೆ? ತಿರುಳು ಸರಳವಾಗಿದೆ. ಶೇಷಗಳನ್ನಷ್ಟೇ ಇಟ್ಟುಕೊಂಡು ಲೆಕ್ಕ ಮಾಡುವುದೆಂದರೆ ಗಡಿಯಾರದ ಮುಳ್ಳು ಹನ್ನೆರಡು ದಾಟಿದ ಮೇಲೆ ಮತ್ತೆ ಒಂದಕ್ಕೆ ಬರುವ ಹಾಗೆ. ಲೂಕಾನ ಸಾಲಿನ ಹಿಂದೆ √5 ಸೇರಿದ ಒಂದು ಸಂಖ್ಯೆ ಇದೆ. ಪ್ರತಿ ಹೆಜ್ಜೆಯಲ್ಲೂ ನಿಜಕ್ಕೂ ವರ್ಗವಾಗುತ್ತಿರುವುದು ಅದು. 125ನೇ ಹೆಜ್ಜೆಗೆ ಸೊನ್ನೆ ಬಂದರೆ, ಆ ಸಂಖ್ಯೆ ತನ್ನ ಸುತ್ತನ್ನು ಪೂರ್ತಿ ಮುಗಿಸಲು ಸರಿಯಾಗಿ 2¹²⁷ ನಡೆ ಬೇಕು ಎಂದರ್ಥ. ಈಗ 2¹²⁷ − 1ಕ್ಕೆ q ಎಂಬ ಭಾಜಕವೊಂದಿದೆ, ಅದು ವರ್ಗಮೂಲವನ್ನು ಮೀರದಷ್ಟು ಚಿಕ್ಕದು ಎಂದುಕೊಳ್ಳಿ. q ಯಿಂದ ಬರುವ ಶೇಷಗಳ ಲೋಕದಲ್ಲಿ, √5 ಸೇರಿದ ಸಂಖ್ಯೆಗಳನ್ನೂ ಲೆಕ್ಕಕ್ಕೆ ಹಿಡಿದರೂ, ಇರುವ ಸ್ಥಾನಗಳು ಹೆಚ್ಚೆಂದರೆ q × q, ಅಂದರೆ 2¹²⁷ಕ್ಕಿಂತ ಕಡಿಮೆ. ಅಷ್ಟು ಉದ್ದದ ಸುತ್ತು ಅಲ್ಲಿ ಹಿಡಿಸುವುದೇ ಇಲ್ಲ. ಆದ್ದರಿಂದ ಅಂಥ q ಇಲ್ಲ. 80 ಕೋಟಿ ವರ್ಷಗಳ ಕೆಲಸ 125 ಹೆಜ್ಜೆಗೆ ಇಳಿದದ್ದು ಜಾಗ ಸಾಲದೆಂಬ ಈ ಒಂದೇ ವಾದದಿಂದ. ಅಂಕಗಣಿತದಲ್ಲಿ ಇದಕ್ಕಿಂತ ಚೆಂದದ ವಾದಗಳು ಹೆಚ್ಚು ಸಿಗಲಿಕ್ಕಿಲ್ಲ.

ಇಲ್ಲಿ ನೆರವಿಗೆ ಬಂದದ್ದು ಸಂಖ್ಯೆಯ ಆಕಾರ. ನಮ್ಮ ಸಂಖ್ಯೆಗೆ ಒಂದು ಸೇರಿಸಿದರೆ 2¹²⁷, ಬರೀ ಎರಡುಗಳ ಗುಣಲಬ್ಧ. ಅದರೊಳಗೆ ಏನಿದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. ಅಕ್ಕಪಕ್ಕದ ಸಂಖ್ಯೆಯ ಅಪವರ್ತನಗಳು ಹೀಗೆ ಪೂರ್ತಿ ಗೊತ್ತಿದ್ದರೆ ಅವಿಭಾಜ್ಯ ಪರೀಕ್ಷೆ ಸುಲಭವಾಗುತ್ತದೆ.

ಆದರೂ 39 ಅಂಕಿಯ ಸಂಖ್ಯೆಯನ್ನು 125 ಸಲ ವರ್ಗ ಮಾಡಿ, ಪ್ರತಿ ಸಲವೂ 39 ಅಂಕಿಯ ಸಂಖ್ಯೆಯಿಂದಲೇ ಭಾಗಿಸುವುದು ಕೈಯಲ್ಲಿ ಆಗುವ ಕೆಲಸವೇ? ಅದಕ್ಕೂ ಸಂಖ್ಯೆಯ ಆಕಾರವೇ ದಾರಿ ತೋರಿಸಿತು. 999ರಿಂದ ಭಾಗಿಸಿದಾಗಿನ ಶೇಷ ಬೇಕಿದ್ದರೆ ಭಾಗಾಕಾರ ಮಾಡಬೇಕಿಲ್ಲ. 1,23,456ನ್ನು ಮೂರು ಮೂರು ಅಂಕಿಯಾಗಿ ಒಡೆದು 123 + 456 ಎಂದು ಕೂಡಿಸಿದರೆ 579, ಅದೇ ಶೇಷ. ದ್ವಿಮಾನ ಪದ್ಧತಿಯಲ್ಲಿ, ಬರೀ 1 ಮತ್ತು 0ಗಳಲ್ಲಿ ಬರೆದರೆ, 2¹²⁷ − 1 ಎಂದರೆ ಸಾಲಾಗಿ ನಿಂತ 127 ಒಂದುಗಳು. 999ರ ತಂತ್ರ ಇಲ್ಲೂ ಹಾಗೆಯೇ ನಡೆಯುತ್ತದೆ: ಗುಣಲಬ್ಧವನ್ನು 127 ಅಂಕಿಗಳ ಎರಡು ತುಂಡಾಗಿ ಕತ್ತರಿಸಿ ಕೂಡಿಸಿದರೆ ಮುಗಿಯಿತು. ಭಾಗಾಕಾರ ಪೂರ್ತಿ ಮಾಯ.

ಲೂಕಾ ಇದನ್ನು ಆಟದ ರೂಪಕ್ಕೇ ಇಳಿಸಿದ. ಉದ್ದ ಅಗಲ ಎರಡೂ ಕಡೆ 127 ಮನೆಗಳಿರುವ ಚದುರಂಗದ ಹಾಸು, ಒಟ್ಟು 16,129 ಮನೆ. ಕಾಯಿ ಇದ್ದ ಮನೆ 1, ಖಾಲಿ ಮನೆ 0. ಗುಣಿಸುವಾಗ ಸಾಲನ್ನು ಒಂದೊಂದು ಮನೆ ಎಡಕ್ಕೆ ಸರಿಸುತ್ತ ಕೆಳಕೆಳಗೆ ಇಡಬೇಕು. ಎಡಗಡೆ ಹಾಸಿನಿಂದ ಹೊರಬಿದ್ದ ಕಾಯಿ ಬಲತುದಿಗೆ ಬಂದು ಕೂರುತ್ತದೆ. ಆಮೇಲೆ ಒಂದೇ ಕಂಬಸಾಲಿನಲ್ಲಿ ಎರಡು ಕಾಯಿ ಇದ್ದರೆ ಅವೆರಡನ್ನೂ ತೆಗೆದು ಎಡಗಡೆಯ ಸಾಲಿನಲ್ಲಿ ಒಂದು ಕಾಯಿ ಇಡುವುದು. ಎಲ್ಲ ಕಾಯಿಗಳೂ ಒಂದೇ ಅಡ್ಡಸಾಲಿಗೆ ಇಳಿದಾಗ ಒಂದು ವರ್ಗದ ಲೆಕ್ಕ ಮುಗಿದಂತೆ. ಓದಿದವರಿಗೆ ಕಂಪ್ಯೂಟರಿನ ನೆನಪಾದರೆ ತಪ್ಪಿಲ್ಲ. ಬಿಟ್‌ಗಳನ್ನು ಸುತ್ತು ತಿರುಗಿಸಿ ಕೂಡಿಸುವ ಇದೇ ಕೆಲಸವನ್ನು ಇಂದಿನ ಚಿಪ್‌ಗಳು ಮಾಡುತ್ತವೆ.

1891ರಲ್ಲಿ, ಔತಣಕೂಟವೊಂದರಲ್ಲಿ ಒಡೆದ ತಟ್ಟೆಯ ಚೂರು ಕೆನ್ನೆಗೆ ಸಿಡಿದು, ಗಾಯ ನಂಜೇರಿ ಲೂಕಾ ತೀರಿಕೊಂಡ. ಅವನ ಸಿದ್ಧಾಂತದಲ್ಲಿ ಉಳಿದಿದ್ದ ಅಂಕುಡೊಂಕುಗಳನ್ನು ಅಮೆರಿಕದ ಡಿ. ಎಚ್. ಲೆಮರ್ 1930ರಲ್ಲಿ ತಿದ್ದಿ ನೇರಮಾಡಿದ. ಮೂರರ ಬದಲು ನಾಲ್ಕರಿಂದ ಹೊರಟರೆ ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಪರೀಕ್ಷೆ ಹೊಂದುತ್ತದೆ ಎಂದು ತೋರಿಸಿದ್ದು ಅವನು. ಲೂಕಾ–ಲೆಮರ್ ಪರೀಕ್ಷೆ ಎಂಬ ಹೆಸರು ಹೀಗೆ ಬಂತು.

ಭಾಗಿಸದೆ ತೀರ್ಪು ಕೊಡುವ ಈ ವಿಧಾನಕ್ಕೆ ಇನ್ನೊಂದು ಮುಖವಿದೆ. ಮರ್ಸೆನ್ ಪಟ್ಟಿಯಲ್ಲಿದ್ದ 2⁶⁷ − 1 ಅವಿಭಾಜ್ಯವಲ್ಲ ಎಂದು ಲೂಕಾ 1876ರಲ್ಲೇ ಹೇಳಿದ್ದ. ಆದರೆ ಅದರ ಭಾಜಕಗಳು ಯಾವುವು ಎಂದು ಅವನ ಪರೀಕ್ಷೆ ಹೇಳುವುದಿಲ್ಲ. ಉತ್ತರ ಸಿಕ್ಕಿದ್ದು 1903ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ. ಫ್ರ್ಯಾಂಕ್ ನೆಲ್ಸನ್ ಕೋಲ್ ಮಾತಿಲ್ಲದೆ ಕಪ್ಪುಹಲಗೆಯ ಬಳಿ ಹೋಗಿ 2⁶⁷ − 1ನ್ನು ಬಿಡಿಸಿ ಬರೆದ: 14,75,73,95,25,89,67,64,12,927. ಪಕ್ಕದಲ್ಲಿ 19,37,07,721 ಮತ್ತು 7,61,83,82,57,287 ಬರೆದು ಕೈಯಲ್ಲೇ ಗುಣಿಸಿದ. ಎರಡೂ ಕಡೆ ಒಂದೇ ಸಂಖ್ಯೆ. ಒಂದು ಮಾತೂ ಆಡದೆ ಬಂದು ಕೂತ, ಸಭೆ ಚಪ್ಪಾಳೆ ತಟ್ಟಿತು ಎಂಬ ಕಥೆ ಗಣಿತಜ್ಞರ ನಡುವೆ ಪ್ರಸಿದ್ಧ. ಇದಕ್ಕೆ ಎಷ್ಟು ಕಾಲ ಹಿಡಿಯಿತು ಎಂದು ಕೇಳಿದ್ದಕ್ಕೆ ‘ಮೂರು ವರ್ಷಗಳ ಭಾನುವಾರಗಳು’ ಎಂದನಂತೆ. ಒಡೆಯುತ್ತದೆ ಎಂದು ಗೊತ್ತಾದ ಸಂಖ್ಯೆ ನಿಜಕ್ಕೂ ಒಡೆಯಲು 27 ವರ್ಷ ತೆಗೆದುಕೊಂಡಿತು. ಇವೆರಡು ಬೇರೆ ಬೇರೆ ಪ್ರಶ್ನೆಗಳು, ಎರಡನೆಯದು ಬಹಳ ಕಠಿಣ. ಇಂದು ಬಳಕೆಯಲ್ಲಿರುವ ಆರ್‌ಎಸ್‌ಎ ಗೂಢಲಿಪಿ ಆ ಅಂತರವನ್ನೇ ನೆಚ್ಚಿಕೊಂಡಿದೆ: ಮುನ್ನೂರು ಚಿಲ್ಲರೆ ಅಂಕಿಯ ಎರಡು ಅವಿಭಾಜ್ಯಗಳನ್ನು ಆರಿಸುವುದು ಕ್ಷಣಾರ್ಧದ ಕೆಲಸ, ಅವುಗಳ ಗುಣಲಬ್ಧವನ್ನು ಒಡೆಯುವುದು ಯಾರಿಂದಲೂ ಆಗಿಲ್ಲ.

1951ರಲ್ಲಿ ಲೂಕಾನ ಸಂಖ್ಯೆ ಪಟ್ಟ ಬಿಟ್ಟುಕೊಟ್ಟಿತು. ಫ್ರಾನ್ಸಿನ ಫೆರಿಯೆ ಮೇಜಿನ ಮೇಲಿನ ಲೆಕ್ಕಯಂತ್ರ ಬಳಸಿ 44 ಅಂಕಿಯ ಅವಿಭಾಜ್ಯವನ್ನು ಹಿಡಿದ. ಅದೇ ವರ್ಷ ಕೇಂಬ್ರಿಜ್‌ನ ಮಿಲ್ಲರ್ ಮತ್ತು ವೀಲರ್ ಎಡ್ಸ್ಯಾಕ್ ಎಂಬ ಕಂಪ್ಯೂಟರಿನಲ್ಲಿ 79 ಅಂಕಿಯ ಅವಿಭಾಜ್ಯವನ್ನು ಕಂಡುಕೊಂಡರು. ಅದನ್ನು ಕಟ್ಟಿದ್ದು ಲೂಕಾನ ಸಂಖ್ಯೆಯಿಂದಲೇ: ಅದರ ವರ್ಗವನ್ನು 180ರಿಂದ ಗುಣಿಸಿ ಒಂದು ಕೂಡಿಸಿದ್ದು. ಇಲ್ಲಿ ಹೊಸ ಸಂಖ್ಯೆಯಿಂದ ಒಂದನ್ನು ಕಳೆದರೆ ಉಳಿಯುವುದರ ಅಪವರ್ತನಗಳೆಲ್ಲ ಮೊದಲೇ ಗೊತ್ತು. ನೆರೆಯ ಸಂಖ್ಯೆಯನ್ನು ಸಾಕ್ಷಿಗೆ ಕರೆಯುವ ಲೂಕಾನ ವಿಚಾರವೇ ಇನ್ನೊಂದು ದಿಕ್ಕಿನಿಂದ ಬಂದಿತ್ತು. ಮರುವರ್ಷದ ಜನವರಿಯಲ್ಲಿ ರಾಫೆಲ್ ರಾಬಿನ್ಸನ್ ಬರೆದ ಪ್ರೋಗ್ರಾಮ್ ಲಾಸ್ ಏಂಜಲಿಸ್‌ನ ಸ್ವ್ಯಾಕ್ ಕಂಪ್ಯೂಟರಿನಲ್ಲಿ ಓಡಿ, ಒಂದೇ ದಿನ 2⁵²¹ − 1 ಮತ್ತು 2⁶⁰⁷ − 1 ಅವಿಭಾಜ್ಯ ಎಂದು ತೋರಿಸಿತು.

ಆಮೇಲಿನ ಓಟ ಬಲು ಜೋರಿನದು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರುಮಾಡಿದ ‘ಗಿಂಪ್ಸ್’ ಯೋಜನೆಯಲ್ಲಿ ಜಗತ್ತಿನಾದ್ಯಂತ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ಮರ್ಸೆನ್ ಅವಿಭಾಜ್ಯಗಳ ಹುಡುಕಾಟಕ್ಕೆ ಕೊಡುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಆ ಯೋಜನೆಯ ಲ್ಯೂಕ್ ಡ್ಯುರಾಂಟ್ ಅವರು ಹಲವು ದೇಶಗಳ ಡೇಟಾ ಸೆಂಟರ್‌ಗಳಲ್ಲಿ ಗ್ರಾಫಿಕ್ಸ್ ಚಿಪ್‌ಗಳನ್ನು ಓಡಿಸಿ 2ರ 13,62,79,841ನೇ ಘಾತದಿಂದ ಒಂದು ಕಳೆದ ಸಂಖ್ಯೆ ಅವಿಭಾಜ್ಯ ಎಂದು ಕಂಡುಕೊಂಡರು. ಅದರಲ್ಲಿ 4,10,24,320 ಅಂಕಿಗಳಿವೆ. ಡಬ್ಲಿನ್‌ನ ಚಿಪ್ ಒಂದು ಮೊದಲ ಸುಳಿವು ಕೊಟ್ಟಿತು. ಖಚಿತ ತೀರ್ಪಿಗೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಓಡಿದ್ದು ಅದೇ ಲೂಕಾ–ಲೆಮರ್ ಪರೀಕ್ಷೆ. ಈ ಸಲ 13 ಕೋಟಿ 62 ಲಕ್ಷಕ್ಕೂ ಹೆಚ್ಚು ವರ್ಗಗಳು. ಈವರೆಗೆ ತಿಳಿದ ಮರ್ಸೆನ್ ಅವಿಭಾಜ್ಯಗಳಲ್ಲಿ ಅದು 52ನೆಯದು.

ಯಾವ ಆಕಾರದ ಸಂಖ್ಯೆಗಾದರೂ ಹೊಂದುವ ಪರೀಕ್ಷೆಯ ವಿಷಯಕ್ಕೆ ಬಂದರೆ ಭಾರತದ ಹೆಸರು ಮುಂಚೂಣಿಯಲ್ಲಿದೆ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅವರು ಯಾವುದೇ ಸಂಖ್ಯೆಯ ಅವಿಭಾಜ್ಯತೆಯನ್ನು, ಅಂಕಿಗಳ ಸಂಖ್ಯೆ ಬೆಳೆದರೂ ಕೈಮೀರದಷ್ಟು ಹೆಜ್ಜೆಗಳಲ್ಲಿ, ಊಹೆಗೆ ಎಡೆಯಿಲ್ಲದೆ ನಿರ್ಧರಿಸಬಹುದು ಎಂದು ಸಾಧಿಸಿದರು. ಆದರೆ ಮರ್ಸೆನ್ ಆಕಾರದ ಸಂಖ್ಯೆಗಳ ಮಟ್ಟಿಗೆ ಶಾಲಾ ಮೇಷ್ಟ್ರ ಪರೀಕ್ಷೆಯೇ ಇನ್ನೂ ಚುರುಕು.

ಬಾರ್ಲೊ ನಿರುಪಯೋಗಿ ಎಂದುಕೊಂಡಿದ್ದ ಸಂಖ್ಯೆಗಳು ಈಗ ಎಲ್ಲೆಲ್ಲೂ ಇವೆ. 2³¹ − 1, ಅಂದರೆ 2,14,74,83,647, 32 ಬಿಟ್‌ನ ಕಂಪ್ಯೂಟರ್ ಲೆಕ್ಕದಲ್ಲಿ ಧನ ಋಣ ಎರಡನ್ನೂ ಹಿಡಿಯುವ ಪೂರ್ಣಾಂಕದ ಗರಿಷ್ಠ ಮಿತಿ; 2014ರಲ್ಲಿ ‘ಗ್ಯಾಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಈ ಮಿತಿ ದಾಟುವ ಹೊತ್ತಿಗೆ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಏರಿಸಿತ್ತು. ಲೂಕಾನ ಸಂಖ್ಯೆ 128 ಬಿಟ್‌ನ ಅಂಥದೇ ಪೂರ್ಣಾಂಕಕ್ಕೆ ಮಿತಿ. ರಸ್ಟ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರು ಆ 39 ಅಂಕಿಗಳನ್ನು ಪರದೆಯ ಮೇಲೆ ಕಂಡಿರುತ್ತಾರೆ. 2015ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು ‘ಫೋರ್‌ಕ್ಯೂ’ ಎಂಬ ವೇಗದ ಗೂಢಲಿಪಿ ವಕ್ರರೇಖೆಯನ್ನು ಕಟ್ಟಿದ್ದು ಇದೇ ಸಂಖ್ಯೆಯ ಶೇಷಗಳ ಮೇಲೆ. ಚದುರಂಗದ ಹಾಸಿನ ಮೇಲೆ ಭಾಗಾಕಾರವನ್ನು ತಪ್ಪಿಸಿದ ಗುಣವೇ ಅಲ್ಲೂ ವೇಗ ಕೊಡುತ್ತದೆ.

ಪರಿಪೂರ್ಣ ಸಂಖ್ಯೆಗಳ ನಂಟು ಇನ್ನೂ ಹಳೆಯದು. 6ರ ಭಾಜಕಗಳಾದ 1, 2, 3 ಕೂಡಿದರೆ 6; ಹಾಗೆಯೇ 28 = 1 + 2 + 4 + 7 + 14. ಪ್ರತಿ ಮರ್ಸೆನ್ ಅವಿಭಾಜ್ಯದಿಂದಲೂ ಇಂಥದೊಂದು ಸಂಖ್ಯೆ ಹುಟ್ಟುತ್ತದೆಂದು ಯೂಕ್ಲಿಡ್ ತೋರಿಸಿದ್ದ. ಲೂಕಾನ ಸಂಖ್ಯೆಯನ್ನು 2¹²⁶ರಿಂದ ಗುಣಿಸಿದರೆ 77 ಅಂಕಿಯ ಪರಿಪೂರ್ಣ ಸಂಖ್ಯೆ ಸಿಗುತ್ತದೆ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೆಯೇ ಹುಟ್ಟುತ್ತವೆ ಎಂದು ಸಾಧಿಸಿದವನು ಆಯ್ಲರ್. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಇನ್ನೂ ಬಿಡಿಸದ ಪ್ರಶ್ನೆ.

ಇನ್ನೊಂದು ಪ್ರಶ್ನೆ ಲೂಕಾನ ಸಂಖ್ಯೆಗೇ ಮೀಸಲು. 2 ಅವಿಭಾಜ್ಯ. 2² − 1 = 3, ಅವಿಭಾಜ್ಯ. 2³ − 1 = 7, ಅವಿಭಾಜ್ಯ. 2⁷ − 1 = 127, ಅದೂ ಅವಿಭಾಜ್ಯ. ಮುಂದಿನದು 2¹²⁷ − 1. ಪ್ರತಿಯೊಂದೂ ಹಿಂದಿನದನ್ನು ಘಾತವಾಗಿ ಹೊತ್ತು ನಿಂತಿದೆ. 1876ರಲ್ಲೇ ಬೆಲ್ಜಿಯಂನ ಕತಲಾನ್ ಇದನ್ನು ಗಮನಿಸಿ, ಸರಪಳಿ ಹೀಗೆಯೇ ಮುಂದುವರಿಯುತ್ತದೆಯೇ ಎಂಬ ಪ್ರಶ್ನೆ ಎತ್ತಿದ. ಮುರಿಯಲೂಬಹುದು: 2¹³ − 1 = 8,191 ಅವಿಭಾಜ್ಯವಾದರೂ, 8,191ನ್ನು ಘಾತವಾಗಿಟ್ಟು ಕಟ್ಟಿದ ಸಂಖ್ಯೆ ಅವಿಭಾಜ್ಯವಲ್ಲ ಎಂದು 1953ರಲ್ಲಿ ವೀಲರ್ ತೋರಿಸಿದ. ಕತಲಾನ್ ಸರಪಳಿಯ ಮುಂದಿನ ಕೊಂಡಿ, ಅಂದರೆ ಲೂಕಾನ ಸಂಖ್ಯೆಯೇ ಘಾತವಾಗಿರುವ ಸಂಖ್ಯೆ, ಯಾವ ಪರೀಕ್ಷೆಗೂ ನಿಲುಕುವುದಿಲ್ಲ. ಅದನ್ನು ದ್ವಿಮಾನದಲ್ಲಿ ಬರೆದಿಡಲು ಒಂದೊಂದು ಅಂಕಿಗೆ ಒಂದೊಂದು ಇಂಗಾಲದ ಪರಮಾಣು ಮೀಸಲಿಟ್ಟರೂ ಸುಮಾರು 340 ಕೋಟಿ ಟನ್ ಇಂಗಾಲ ಬೇಕು. ಹಾಗಾಗಿ ಉಳಿದಿರುವುದು ಹಳೆಯ ದಾರಿಯೇ, ಭಾಜಕ ಹುಡುಕುವುದು. ಫರ್ಮಾನ ನಿಯಮದಂತೆ ಅದರ ಯಾವ ಭಾಜಕವಾದರೂ ಲೂಕಾನ ಸಂಖ್ಯೆಯ ಎರಡು ಪಟ್ಟಿನ ಗುಣಕಕ್ಕಿಂತ ಒಂದು ಹೆಚ್ಚಿರಬೇಕು. ಮೊದಲ ಅಭ್ಯರ್ಥಿ 2¹²⁸ − 1. ಅದು 3ರಿಂದ ಭಾಗವಾಗುತ್ತದೆ, ಆದ್ದರಿಂದ ಆಟದಿಂದ ಹೊರಗೆ. ಎರಡನೆಯದನ್ನು 8ರಿಂದ ಭಾಗಿಸಿದರೆ ಶೇಷ 5, ಅದೂ ಹೊರಗೆ. ಮುಂದಿನ ಅಭ್ಯರ್ಥಿಗಳನ್ನು ಸ್ವಯಂಸೇವಕರು ಒಂದೊಂದಾಗಿ ಜಾಲಾಡುತ್ತಿದ್ದಾರೆ. ಭಾಜಕ ಈವರೆಗೆ ಸಿಕ್ಕಿಲ್ಲ.